ಅಪ್ಪ ಹಿಡಿದಿಟ್ಟ ಬೆತ್ತದ ಬಳೆ

ಹಲಸೂರು ಕೆರೆ ಪಕ್ಕದ ಫುಟ್‌ಪಾತಿನಲ್ಲಿ ಕುರ್ಚಿ ಹೆಣೆಯುವವನೊಬ್ಬ ಬಕೆಟ್ಟಿನಲ್ಲಿ ಬೆತ್ತ ನೆನೆಹಾಕಿದ್ದ. ತರಕಾರಿ ಚೀಲ ಹಿಡಿದು ದಾಟುವಾಗ ಆ ಹಸಿ ಬೆತ್ತದ ವಾಸನೆ ಬಂತು ನೋಡಿ, ನನ್ನ ಕಾಲು ತಾನಾಗಿಯೇ ಚುರುಕಾಯಿತು. ನಲವತ್ತು ದಾಟಿದರೂ ಇದು ಹೋಗಿಲ್ಲ. ಎಲ್ಲೋ ಗಾಡಿ ನಿಂತಿದೆ, ನನ್ನಿಂದ ತಡವಾಗುತ್ತಿದೆ ಅಂತ ಅನಿಸಿಬಿಡುತ್ತದೆ. ಕಳೆದುಹೋದ ಮನೆಯೊಂದು ಹೀಗೆ ವಾಸನೆಯಾಗಿ ಬಂದು ನಿಮ್ಮನ್ನೂ ಅವಸರಪಡಿಸಿರಬಹುದು.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ, ಬೈಯಪ್ಪನಹಳ್ಳಿಯಿಂದ ಹೊಸೂರಿನ ಕಡೆ ಹೋಗುವ ಒಂಟಿ ಹಳಿಯ ಮೇಲಿನ ಒಂದು ಪುಟ್ಟ ಸ್ಟೇಷನ್ನಿಗೆ ಮಾಸ್ಟರಾಗಿದ್ದರು. ಒಂದು ಪ್ಲಾಟ್‌ಫಾರ್ಮು, ಎರಡು ಹೊಂಗೆಮರ, ಆಚೆಗೆ ರಾಗಿ ಹೊಲ. ಬೇಲಿಗೆ ಅಂಟಿಕೊಂಡೇ ನಮ್ಮ ಕ್ವಾರ್ಟರ್ಸು. ಅಮ್ಮ ಒಗ್ಗರಣೆ ಹಾಕಿದರೆ ಟಿಕೆಟ್ಟಿಗೆ ನಿಂತವರು ಸೀನುತ್ತಿದ್ದರು. ಅಪ್ಪನ ಕೋಣೆಯಲ್ಲಿ ಕೆಂಪು ಬಣ್ಣದ ಕಬ್ಬಿಣದ ಯಂತ್ರವೊಂದಿತ್ತು. ಬೈಯಪ್ಪನಹಳ್ಳಿಯವರೊಂದಿಗೆ ಗಂಟೆ ಬಾರಿಸಿ ಮಾತಾಡಿಕೊಂಡ ಮೇಲೆ ಅದರಿಂದ ಒಂದು ಉಕ್ಕಿನ ಗುಂಡು ಹೊರಬರುತ್ತಿತ್ತು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲ ಕಟ್ಟಿದ ದೊಡ್ಡ ಬೆತ್ತದ ಬಳೆಯನ್ನು ಡ್ರೈವರ್ ಕೈಗೆ ಕೊಟ್ಟರೇನೇ ಗಾಡಿ ಕದಲಬಹುದು. ಆ ಗುಂಡು ಬೈಯಪ್ಪನಹಳ್ಳಿ ಸೇರುವ ತನಕ ಎದುರಿನ ಗಾಡಿ ಅಲ್ಲೇ ನಿಂತಿರಬೇಕು.

ಬೆಳಗಿನ ಪ್ಯಾಸೆಂಜರಿನಲ್ಲಿ ನಾನು ಕಂಟೋನ್ಮೆಂಟಿನ ಕಾನ್ವೆಂಟಿಗೆ ಹೋಗಬೇಕಿತ್ತು. ರಿಬ್ಬನ್ ಕಟ್ಟಿಕೊಳ್ಳುತ್ತಾ ಓಡಿಬರುವವರೆಗೆ ಅಪ್ಪ ಆ ಬಳೆಯನ್ನು ಹೆಗಲಿಗೆ ಹಾಕಿಕೊಂಡು, ಆಕಾಶದಲ್ಲಿ ಏನೋ ಹುಡುಕುವವರಂತೆ ಅರ್ಧ ನಿಮಿಷ ನಿಲ್ಲುತ್ತಿದ್ದರು. ಶಿವಾಜಿನಗರದ ಮಾರ್ಕೆಟ್ಟಿಗೆ ಸೊಪ್ಪು ಒಯ್ಯುವ ಮುನಿಯಮ್ಮ ಬೋಗಿಯ ಬಾಗಿಲಲ್ಲೇ ಕೂತು, "ಬಂದ್ಳಪ್ಪಾ ಮಹಾರಾಣಿ! ಇನ್ನಾದ್ರೂ ಬಿಡ್ರೀ ಮಾಸ್ಟ್ರೇ ಗಾಡೀನ, ನನ್ ದಂಟು ಬಾಡೋಯ್ತು" ಅಂತ ಕೂಗುವಳು. "ನಾಳೆ ಮಲಗಿದ್ದಂಗೇ ಹೊತ್ಕೊಂಡ್ ಬನ್ನಿ ಸಾರ್" ಅಂತ ಡ್ರೈವರು. ನನಗೋ ಒಳಗೊಳಗೇ ಜಂಬ.

ಒಂದು ಶುಕ್ರವಾರ ಪಿ.ಟಿ. ಶೂಗೆ ಬಳಿದ ಬಿಳಿ ಪಾಲಿಶ್ ಒಣಗಿರಲಿಲ್ಲ. ಒಲೆ ಮುಂದೆ ಹಿಡಿದು ಕೂತೆ. "ಗಾಡಿ ಬಂದು ನಿಂತಿದೆ ಕಣೇ!" ಅಂದಳು ಅಮ್ಮ. "ಅಪ್ಪ ಕಾಯ್ತಾರೆ ಬಿಡಮ್ಮ" ಅಂದೆ. ಕಾದರು, ಆರು ನಿಮಿಷ. ಬೈಯಪ್ಪನಹಳ್ಳಿಯಲ್ಲಿ ನಮಗಾಗಿ ನಿಂತಿದ್ದ ಎದುರಿನ ಗಾಡಿಯಲ್ಲಿ ಅವತ್ತು ಒಬ್ಬ ದೊಡ್ಡ ಆಫೀಸರಿದ್ದರು. ವಾರದೊಳಗೆ ಅಪ್ಪನಿಗೆ ಕಾರಣ ಕೇಳಿ ಕಾಗದ ಬಂತು. ಇಂಗ್ಲಿಷಿನಲ್ಲಿ ಏನು ಬರೆದರೂ ನನಗೆ ತೋರಿಸುವುದು ಅವರ ರೂಢಿ. "ಸ್ಪೆಲಿಂಗ್ ನೋಡು ಪುಟ್ಟಿ" ಅಂತ ಉತ್ತರವನ್ನು ಕೈಗಿತ್ತರು. ಒಬ್ಬ ಪ್ರಯಾಣಿಕರು ಬರುವವರೆಗೆ ಕಾದೆ, ತಪ್ಪು ನನ್ನದು ಅಂತಷ್ಟೇ ಇತ್ತು. ಶೂ ಇರಲಿಲ್ಲ, ಮಗಳಿರಲಿಲ್ಲ. "ಸರಿಯಿದೆ ಅಪ್ಪ" ಅಂದೆ. ಕಾಗದ ಮಡಿಸಿ ವಾಪಸು ಕೊಟ್ಟೆ. ಆಮೇಲೆ ದಿನವೂ ಟಪಾಲಿನ ಚೀಲ ಇಳಿಯುವುದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ತಿಂಗಳು ತುಂಬುವಷ್ಟರಲ್ಲಿ ವರ್ಗಾವಣೆ ಬಂತು, ದೂರದ ಊರಿಗೆ.

ಹೊರಡುವ ದಿನ ಸಾಮಾನು ಲಾರಿಯಲ್ಲಿ ಮುಂಚೆಯೇ ಹೋಗಿತ್ತು. ಅಪ್ಪನೂ ನಾನೂ ಅದೇ ಬೆಳಗಿನ ಗಾಡಿ ಹತ್ತಿ ಕೂತೆವು. "ಈ ಮನೆಗೆ ಬರೋ ಹೆಂಗಸು ಏನಂದ್ಕೋತಾಳೆ, ಒಂದ್ಸಲ ಗುಡಿಸಿ ಬರ್ತೀನಿ" ಅಂತ ಹೋದ ಅಮ್ಮ ಬಂದಿರಲಿಲ್ಲ. ಹೊಸ ಮಾಸ್ಟರು ಚಿಕ್ಕ ವಯಸ್ಸಿನವರು. ಅಮ್ಮ ಮೆಟ್ಟಿಲಿಳಿಯುತ್ತಿರುವುದನ್ನು ಕಂಡು, ಬಳೆಯನ್ನು ಮೆಲ್ಲಗೆ ಹೆಗಲಿಗೇರಿಸಿ ನಿಂತರು.

"ಕೊಟ್ಬಿಡಿ, ಟೈಮಾಯ್ತು" ಅಂದರು ಅಪ್ಪ ಕಿಟಕಿಯಿಂದ.

"ಮೇಡಂ ಬರ್ತಿದ್ದಾರಲ್ಲ ಸಾರ್..."

"ಕೊಡ್ರೀ!"

ಗಾಡಿ ಹೊರಟಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅಮ್ಮ ಓಡಿಬರುವುದು ಕಂಡಿತು, ತಿರುವಿನಲ್ಲಿ ಅದೂ ಕಾಣದಾಯಿತು. ಬೈಯಪ್ಪನಹಳ್ಳಿಯವರೆಗೆ ನಾನು ಕಿಟಕಿಗೂ ಬಾಗಿಲಿಗೂ ಓಡಾಡಿದೆ. ಅಪ್ಪ ಗಡಿಯಾರದಿಂದ ಕಣ್ಣೆತ್ತಲಿಲ್ಲ. ಅಲ್ಲಿ ಗಾಡಿ ನಿಂತಾಗ ಕೊನೆಯ ಬೋಗಿಯಿಂದ ಅಮ್ಮ ಇಳಿದು ಬಂದಳು. ಮುನಿಯಮ್ಮ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಿದ್ದಳಂತೆ. ಕೈಯಲ್ಲಿ ಪೊರಕೆ ಹಾಗೇ ಇತ್ತು. ಅಪ್ಪ ಸರಿದು ಜಾಗ ಬಿಟ್ಟರು. ಅಮ್ಮ ನನ್ನ ಪಕ್ಕ ಕೂತಳು.

ಆಮೇಲೆ ಇನ್ನೂ ಎರಡು ಊರು, ಎರಡು ಸ್ಟೇಷನ್. ಗಾಡಿಗೆ ಅರ್ಧ ಗಂಟೆ ಮೊದಲೇ ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದೆ. ಗಾಡಿ ಬಂದೊಡನೆ ಅಪ್ಪ ನನ್ನ ಮುಂದೆಯೇ ನಡೆದುಹೋಗಿ ಬಳೆಯನ್ನು ಡ್ರೈವರಿಗೆ ಕೊಟ್ಟುಬಿಡುತ್ತಿದ್ದರು. ಕಾಯುವುದಕ್ಕೆ ಅವರಿಗೆ ಯಾರೂ ಇರಲಿಲ್ಲ.