ಕರೆಂಟು ಹೋದ ಮೇಲೆ ಓದಿದ ಪುಟಗಳು

ನಾನು ಭೌತಶಾಸ್ತ್ರ ಕಲಿಸುವವಳು. ಹೈದರಾಬಾದಿನ ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಬೋರ್ಡಿನ ಮುಂದೆ ನಿಂತು, ಬೆಳಕು ಎಲ್ಲಿಂದ ಹೊರಟು ಎಲ್ಲಿ ತಿರುಗಿ ಹೇಗೆ ಕಣ್ಣಿಗೆ ಬಂದು ಸೇರುತ್ತದೆ ಎಂದು ಗೆರೆ ಎಳೆದು ತೋರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೀಗಾಗಿ ಯಾರಾದರೂ ನಂಬಲಾಗದ ಅನುಭವವೆಂದು ಮಾತು ತೆಗೆದರೆ ನನಗೆ ಮೊದಲು ನಗು ಬರುತ್ತಿತ್ತು. ರಾಯಚೂರಿನಲ್ಲಿ ನಮ್ಮ ಸೋದರತ್ತೆ, ತೀರಿಕೊಂಡ ಗಂಡ ಬಂದು ಬಾಗಿಲು ಬಡಿದ ಸಂಗತಿಯನ್ನು ಕಣ್ಣೀರು ತುಂಬಿಕೊಂಡು ಹೇಳುವಾಗಲೂ ನಾನು ಅದು ಗಾಳಿ ಇರಬೇಕೆಂದು ಹೇಳಿ ಎದ್ದುಬಿಡುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಓದಿ ನೀವೂ ಹಾಗೆ ಎದ್ದುಹೋದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರ್ ಕಲಿಯಲು ಹೊರಟಿದ್ದ ವರ್ಷಗಳವು. ಬಸ್ಸಿನ ಹಿಂಬದಿಯಲ್ಲಿ, ಕರೆಂಟಿನ ಕಂಬದ ಮೇಲೆ, ಎಲ್ಲಿ ನೋಡಿದರೂ ಕಂಪ್ಯೂಟರ್ ಕೋರ್ಸಿನ ಜಾಹೀರಾತು. ಊರಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಕೆಲಸ ಸಿಕ್ಕವರಿಗೆಂದು ಊರಿನ ಎಲ್ಲ ಮೂಲೆಯಲ್ಲೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ನನ್ನ ಗಂಡನಿಗೆ ನಾಚಾರಂನಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ಹತ್ತಿರ ನಮ್ಮ ಬಾಡಿಗೆ ಮನೆ. ಮನೆಯಿಂದ ಎರಡು ಗಲ್ಲಿ ದಾಟಿದರೆ ಸರ್ಕಾರಿ ಗ್ರಂಥಾಲಯದ ಶಾಖೆ.

ಆ ಗ್ರಂಥಾಲಯವೇ ನನಗೆ ಆ ಊರನ್ನು ನನ್ನದಾಗಿಸಿದ್ದು. ಕೆಳಗೆ ಪೇಪರ್ ಓದುವ ಹಾಲ್. ಬೆಳಗಾದರೆ ತೆಲುಗು, ಉರ್ದು, ಇಂಗ್ಲಿಷ್ ಪೇಪರುಗಳನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುವ ಹಿರಿಯರು. ಹಿಂದಿನ ಕೋಣೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯರು. ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ, ಬೇಸಿಗೆಯಲ್ಲಿ ಮಕ್ಕಳಿಗೆ ಚಿತ್ರ ಬಿಡಿಸುವ ಶಿಬಿರ, ಓದುಬರಹ ಬಾರದವರಿಗೆ ಅರ್ಜಿ ತುಂಬಿಕೊಡುವ ಒಂದು ಮೇಜು. ಇದನ್ನೆಲ್ಲ ನಡೆಸುತ್ತಿದ್ದವರು ಕೋಟೇಶ್ವರರಾವ್ ಎಂಬ ಗ್ರಂಥಪಾಲಕರು. ಮೆಲುದನಿಯ ಮನುಷ್ಯ, ಯಾರು ಒಳಗೆ ಬಂದರೂ ಮೊದಲು ಫ್ಯಾನಿನ ಕೆಳಗೆ ಕುರ್ಚಿ ಎಳೆದು ಕೊಡುತ್ತಿದ್ದರು. ಕನ್ನಡದ ಒಂದು ಅಕ್ಷರವೂ ಅವರಿಗೆ ಬರುತ್ತಿರಲಿಲ್ಲ. ಆದರೂ ಮಹಡಿಯ ಮೇಲಿದ್ದ ಒಂದೇ ಒಂದು ಕನ್ನಡ ಕಪಾಟನ್ನು ವಾರಕ್ಕೊಮ್ಮೆ ತಾವೇ ಒರೆಸುತ್ತಿದ್ದರು.

ಒಂದು ದಿನ ಅವರೇ ನನ್ನನ್ನು ಕೇಳಿದರು: ಸುತ್ತಮುತ್ತ ಕಟ್ಟಡ ಕೆಲಸಕ್ಕೆ ನಿಮ್ಮ ಕಡೆಯ ಜನ ಅಷ್ಟೊಂದು ಬಂದಿದ್ದಾರೆ, ಅವರಿಗೆ ಓದಲು ಬರುವುದಿಲ್ಲ, ಈ ಪುಸ್ತಕಗಳಿಗೆ ಓದುವವರಿಲ್ಲ, ಭಾನುವಾರ ಸಂಜೆ ನೀವೇ ಗಟ್ಟಿಯಾಗಿ ಓದಿ ಹೇಳಬಾರದೇ? ನಾನು ಹೂಂ ಎಂದೆ. ಮೊದಲ ವಾರ ಬಂದವರು ನಾಲ್ಕೇ ಹೆಂಗಸರು. ಅವರಲ್ಲಿ ಒಬ್ಬಳು ಶರಣಮ್ಮ, ಲಿಂಗಸುಗೂರು ಕಡೆಯವಳು. ದಿನವಿಡೀ ಇಟ್ಟಿಗೆ ಹೊರುತ್ತಿದ್ದಳು. ತಲೆಸ್ನಾನ ಮಾಡಿ, ಒದ್ದೆ ಕೂದಲನ್ನು ಹಾಗೇ ಬಿಟ್ಟು ಬಂದು ಎದುರಿಗೇ ಕೂತಳು. ಮುಂದಿನ ವಾರ ಅವಳೇ ಇನ್ನಷ್ಟು ಜನರನ್ನು ಕರೆತಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮಹಡಿಯ ಹಾಲ್ ತುಂಬುತ್ತಿತ್ತು. ಬಟ್ಟೆ ಅಂಗಡಿ ಇಟ್ಟ ಬಾಗಲಕೋಟೆಯ ದಂಪತಿ, ಕೂಸನ್ನು ಎತ್ತಿಕೊಂಡ ತಾಯಂದಿರು, ಗಾರೆ ಕೆಲಸದ ಗಂಡಸರು, ಎಲ್ಲರೂ ಒಂದೇ ಜಮಖಾನೆಯ ಮೇಲೆ.

ನನ್ನದೊಂದು ಅಭ್ಯಾಸ ಮಾತ್ರ ಇಲ್ಲಿ ಹೇಳಲೇಬೇಕು. ಓದುವ ಪುಸ್ತಕವನ್ನು ನಾನು ಮುಂಚೆ ಓದಿಕೊಂಡು ಹೋಗುತ್ತಿರಲಿಲ್ಲ. ಮುಂದೇನಾಗುತ್ತದೆಂದು ಅವರಿಗೆ ಗೊತ್ತಿಲ್ಲದಾಗ ನನಗೂ ಗೊತ್ತಿರಬಾರದು. ಆಗಲೇ ದನಿಯಲ್ಲಿ ಜೀವ ಇರುತ್ತದೆ. ಪುಸ್ತಕ ಗ್ರಂಥಾಲಯದಲ್ಲೇ ಇರುತ್ತಿತ್ತು. ಭಾನುವಾರ ಕಪಾಟಿನಿಂದ ತೆಗೆಯುವುದು, ನಿಲ್ಲಿಸಿದ ಕಡೆ ದಾರ ಇಟ್ಟು ವಾಪಸ್ ಇಡುವುದು.

ಮರುವರ್ಷದ ಬೇಸಿಗೆಯಲ್ಲಿ ಓದುತ್ತಿದ್ದುದು ಒಂದು ಹಳೆಯ ಕಾದಂಬರಿ. ಯಾರೋ ದಾನ ಕೊಟ್ಟ ಕಟ್ಟಿನಲ್ಲಿ ಬಂದದ್ದು. ಒಬ್ಬ ಹೆಂಗಸಿನ ಎಮ್ಮೆ ಕಳೆದುಹೋಗಿದೆ. ಅದನ್ನು ಹುಡುಕುತ್ತ ಊರಿಂದ ಊರಿಗೆ ನಡೆಯುತ್ತಾಳೆ. ಅಷ್ಟೇ ಕಥೆ. ಆದರೆ ವಾರವಿಡೀ ಸೈಟಿನಲ್ಲಿ ಅದೇ ಮಾತಂತೆ, ಎಮ್ಮೆ ಸಿಕ್ಕೀತೋ ಇಲ್ಲವೋ ಎಂದು.

ಒಂದು ಭಾನುವಾರ ಮಧ್ಯಾಹ್ನದಿಂದಲೇ ಮೋಡ ಕವಿದಿತ್ತು. ಓದಲು ಕೂತ ಸ್ವಲ್ಪ ಹೊತ್ತಿಗೆ ಗಾಳಿ ಎದ್ದಿತು. ಧೂಳು ಒಳಗೆ ಬರುತ್ತದೆಂದು ಗಂಡಸರು ಮರದ ಕಿಟಕಿಗಳನ್ನೆಲ್ಲ ಮುಚ್ಚಿ ಅಗಳಿ ಹಾಕಿದರು. ಬಾಗಿಲನ್ನೂ ಮುಚ್ಚಿದರು. ಟ್ಯೂಬ್‌ಲೈಟು ಉರಿಯುತ್ತಿತ್ತು. ಮೇಲೆ ಫ್ಯಾನು ತಿರುಗಿ ಪುಟಗಳನ್ನು ಹಾರಿಸುತ್ತಿದ್ದುದರಿಂದ ನಾನು ಹೆಬ್ಬೆರಳಿನಿಂದ ಪುಟವನ್ನು ಒತ್ತಿ ಹಿಡಿದುಕೊಂಡೇ ಓದುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಪುಟ ಹಾರುವುದು ನಿಂತಿತು. ಯಾರೋ ಫ್ಯಾನು ಆರಿಸಿದರು, ಒಳ್ಳೆಯದಾಯಿತು ಎಂದುಕೊಂಡೆ. ಹೊರಗೆ ಪಕ್ಕದ ಶೆಡ್ಡಿನ ತಗಡು ಬಡಿದುಕೊಳ್ಳುತ್ತಿತ್ತು. ನಾನು ದನಿ ಏರಿಸಿ ಓದುತ್ತ ಹೋದೆ.

ಕಥೆಯ ಹೆಂಗಸು ಒಂದು ಬಾವಿಯ ಹತ್ತಿರ ಬಂದು ನೀರು ಸೇದುವವರನ್ನು ಕೇಳುತ್ತಾಳೆ: "ನನ್ನ ಹೆಮ್ಮೆಯನ್ನು ಯಾರಾದರೂ ಕಂಡಿರಾ?" ಅಚ್ಚಿನ ತಪ್ಪು. ನಾನು ಇದ್ದದ್ದು ಇದ್ದ ಹಾಗೆ ಓದಿಬಿಟ್ಟು ತಡವರಿಸಿದೆ. ಜಮಖಾನೆಯ ಮೇಲೆ ನಗು ಎದ್ದಿತು. ಶರಣಮ್ಮನ ದನಿ ಕೇಳಿಸಿತು: "ಅದು ಕಳಕೊಂಡ್ರ ಮತ್ತ ಸಿಗಂಗಿಲ್ಲ ಬಿಡ್ರಿ." ಮತ್ತೆ ನಗು. ನಾನೂ ನಕ್ಕು ಮುಂದುವರಿಸಿದೆ. ಪುಟಗಳು ತಿರುಗಿದವು. ಅಷ್ಟು ಸುಖವಾಗಿ ನಾನು ಎಂದೂ ಓದಿರಲಿಲ್ಲ. ಗಂಟಲು ಒಣಗಲಿಲ್ಲ, ಕಣ್ಣು ದಣಿಯಲಿಲ್ಲ.

ಆಮೇಲೆ ಬಾಗಿಲು ತೆರೆಯಿತು. ಒಂದು ಟಾರ್ಚಿನ ಬೆಳಕು ನೇರ ನನ್ನ ಮುಖಕ್ಕೆ ಬಿತ್ತು. ಆ ಕ್ಷಣಕ್ಕೆ ನನ್ನ ಕೈಯೊಳಗಿನ ಪುಟ ಕಪ್ಪಾಯಿತು. ನಾನು ಹೆದರಿ ಪುಸ್ತಕ ಕೈಬಿಟ್ಟೆ. ಟಾರ್ಚು ಪಕ್ಕಕ್ಕೆ ಸರಿದಾಗ ನೋಡುತ್ತೇನೆ, ಹಾಲಿನ ತುಂಬ ಗವ್ವೆನ್ನುವ ಕತ್ತಲು.

ಬಾಗಿಲಲ್ಲಿ ಕೋಟೇಶ್ವರರಾವ್ ನಿಂತಿದ್ದರು. ಅಂಗಿಯೆಲ್ಲ ಒದ್ದೆ, ಉಸಿರು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಕೆಳಗೆ ಯಾರೂ ಇಳಿಯಲಿಲ್ಲ ತಾನೇ ಎಂದು ತೆಲುಗಿನಲ್ಲಿ ಕೇಳಿದರು. "ಎವರೂ ದಿಗಲೇದು ಕದಾ ಅಮ್ಮಾ?" ಎಂದು ಮತ್ತೆ ಮತ್ತೆ ಅದನ್ನೇ ಕೇಳಿದರು. ಇಲ್ಲ ಎಂದಾಗ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ನಡೆದದ್ದು ಇಷ್ಟು. ಗಾಳಿಗೆ ಕಂಬದಿಂದ ಗ್ರಂಥಾಲಯಕ್ಕೆ ಬರುವ ತಂತಿ ಹರಿದಿತ್ತು. ನಮ್ಮ ದೀಪಗಳು ಆರಿದ್ದು ಅದಕ್ಕೇ. ಆದರೆ ಕಂಬದ ಕಡೆಯ ತುದಿಯಲ್ಲಿ ಕರೆಂಟು ಹಾಗೇ ಇತ್ತು, ಅದು ಬಂದು ಬಿದ್ದಿದ್ದು ನಮ್ಮ ಮಹಡಿಯ ಮೆಟ್ಟಿಲಿನ ಮೇಲೆ. ಹೊರಗಡೆಯಿಂದ ಹತ್ತುವ ಕಬ್ಬಿಣದ ಮೆಟ್ಟಿಲದು, ಮಹಡಿಗೆ ಅದೊಂದೇ ದಾರಿ, ಮಳೆಯೂ ಹನಿಯತೊಡಗಿತ್ತು. ಬಂದವರೆಲ್ಲ ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು ಬರಿಗಾಲಲ್ಲಿ ಹತ್ತಿದ್ದರು. ಕೋಟೇಶ್ವರರಾವ್ ಕೆಳಗಿನ ಹಾಲ್ ಮುಚ್ಚಲು ಹೋದವರು ಕಿಡಿ ಹಾರುವುದನ್ನು ಕಂಡರು. ಕೂಗಿಕೊಂಡರಂತೆ, ಗಾಳಿಗೂ ತಗಡಿನ ಸದ್ದಿಗೂ ನಮಗೆ ಏನೂ ಕೇಳಿಸಲಿಲ್ಲ. ಬೇರೆ ದಾರಿಯಿಲ್ಲದೆ ಪೇಪರ್ ಓದಲು ಬಂದಿದ್ದ ಒಬ್ಬರನ್ನು ದೂರದಲ್ಲಿ ಕಾವಲು ನಿಲ್ಲಿಸಿ, ಲೈನ್‌ಮನ್‌ನನ್ನು ಕರೆತರಲು ಓಡಿದರು. ಅವನು ಬಂದು ಕರೆಂಟು ನಿಲ್ಲಿಸಿ, ತಂತಿ ತೆಗೆಯುವಷ್ಟರಲ್ಲಿ ಅರ್ಧ ಗಂಟೆಯ ಮೇಲೇ ಆಗಿತ್ತು. ಅಷ್ಟು ಹೊತ್ತೂ ಅವರಿಗಿದ್ದದ್ದು ಒಂದೇ ಭಯ. ಕರೆಂಟು ಹೋದರೆ ಹೆಂಗಸರು ಒಂದು ಕ್ಷಣವೂ ಕೂರುತ್ತಿರಲಿಲ್ಲ. ಅಡುಗೆ ಆಗಬೇಕು, ಕಂಬಿ ಹಿಡಿದು ತಡಕಾಡುತ್ತ ಇಳಿದುಬಿಡುವುದೇ ರೂಢಿ. ಹಿಂದೆ ಎಷ್ಟೋ ಸಲ ಹಾಗೇ ಆಗಿತ್ತು.

ಆ ಸಂಜೆ ಎಲ್ಲರೂ ಟಾರ್ಚಿನ ಬೆಳಕಲ್ಲಿ ಒಬ್ಬೊಬ್ಬರಾಗಿ ಇಳಿದರು. ಕೆಳಗಿನ ಚಪ್ಪಲಿಗಳ ಸಾಲು ಮಳೆಯಲ್ಲಿ ನೆನೆದಿತ್ತು. ಕೋಟೇಶ್ವರರಾವ್ ಎಲ್ಲರಿಗೂ ಎದುರಿನ ಹೋಟೆಲಿನಿಂದ ಚಹಾ ತರಿಸಿದರು. ನಡೆದದ್ದು ತಿಳಿದ ಮೇಲೆ ಜನ ಹೆದರಬೇಕಿತ್ತು. ಬದಲಿಗೆ ಮದುವೆ ಮನೆಯ ಹಾಗೆ ಗೆಲುವಾಗಿದ್ದರು. ಕೂಸುಗಳನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಂಡು ಮುದ್ದಿಸುತ್ತಿದ್ದರು. ನಾನು ಮಾತ್ರ ಚಹಾ ಕುಡಿಯದೆ ಲೋಟ ಕೆಳಗಿಟ್ಟೆ.

ನಾನು ಶರಣಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ, ಕರೆಂಟು ಹೋದದ್ದು ಯಾವಾಗ ಎಂದು.

"ಅದು ಹೋಗಿ ಭಾಳ ಹೊತ್ತಾಗಿತ್ರಿ. ಬಾವಿ ಮಾತು ಬರೂಕಿಂತ ಮದ್ಲ ಹೋತು. ನನ್ನ ಕೈ ನನಗ ಕಾಣವಲ್ದಾಗಿತ್ತು."

"ಮತ್ತೆ ನಾನು ಹೇಗೆ ಓದುತ್ತಿದ್ದೆ ಅಂತ ಯಾರಿಗೂ ಅನ್ನಿಸಲಿಲ್ಲವಾ?"

"ನಿಮಗ ಬಾಯಿಪಾಠ ಐತಿ ಅಂದ್ಕೊಂಡ್ವಿರಿ ಅಕ್ಕೋರ. ಓದಿದೋರಿಗೆ ಎಲ್ಲಾ ಬಾಯಾಗ ಇರ್ತದಲ್ರಿ."

ಆ ಪುಟಗಳನ್ನು ನಾನು ಅದಕ್ಕೂ ಮುಂಚೆ ಓದೇ ಇರಲಿಲ್ಲ ಎಂದು ಹೇಳಿದೆ. ಅವಳು ಹೆದರಿದ ಹಾಗೆ ಕಾಣಲಿಲ್ಲ. ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿ, ಮನೆಗೆ ಹೋಗಿ ಮಲಗಿರಿ ಎಂದಳು.

ನಾನು ಮಲಗಲಿಲ್ಲ. ಅಂದು ಮೊದಲ ಬಾರಿಗೆ ಆ ಪುಸ್ತಕವನ್ನು ಮನೆಗೆ ತಂದಿದ್ದೆ. ಊಟಕ್ಕೂ ಕೂರದೆ ಆ ಪುಟಗಳನ್ನು ತೆರೆದೆ. ಬಾವಿ ಇತ್ತು. "ಹೆಮ್ಮೆ" ಎಂಬ ಅಚ್ಚಿನ ತಪ್ಪೂ ಅದೇ ಜಾಗದಲ್ಲಿತ್ತು. ಬಾವಿಯ ಮುಂದಿನ ಊರು, ಅಲ್ಲಿಯ ಬಳೆಗಾರ, ಅವನು ಹೇಳಿದ ಸುಳ್ಳು, ಎಲ್ಲವೂ ನಾನು ಓದಿದ ಮಾತುಗಳಲ್ಲೇ ಇದ್ದವು. ಅಂದರೆ ನಾನು ಕಟ್ಟಿ ಹೇಳಿದ್ದಲ್ಲ, ಓದಿದ್ದೇ. ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ, ಕಿಟಕಿಯಿಲ್ಲದ ಉಗ್ರಾಣದ ಬಾಗಿಲು ಮುಚ್ಚಿ, ಪುಸ್ತಕ ತೆರೆದು ಹಿಡಿ ಎಂದರು. ಕತ್ತಲು ಕತ್ತಲಾಗಿಯೇ ಇತ್ತು. ಒಂದು ಅಕ್ಷರ ಕಾಣಲಿಲ್ಲ. ಹೊರಗೆ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

ಮರುವಾರವೇ ಕಬ್ಬಿಣದ ಮೆಟ್ಟಿಲ ಮಾತು ಮೇಲಧಿಕಾರಿಗಳವರೆಗೆ ಹೋಗಿ, ಕೆಲವು ತಿಂಗಳಲ್ಲಿ ಸಿಮೆಂಟಿನದು ಬಂತು. ಅದನ್ನು ಕಟ್ಟಿದವರು ನಮ್ಮ ಕೇಳುಗರೇ. ಓದುವುದೂ ನಿಲ್ಲಲಿಲ್ಲ. ಎಮ್ಮೆ ಸಿಕ್ಕಿತು, ಬೇರೆಯವರ ಕೊಟ್ಟಿಗೆಯಲ್ಲಿ, ಕರು ಹಾಕಿಕೊಂಡು. ಆ ಪುಟ ಓದಿದ ದಿನ ಎಲ್ಲರಿಗೂ ಪೇಡೆ ಹಂಚಿದ್ದು ಬಟ್ಟೆ ಅಂಗಡಿಯವರು. ನಾನು ಆ ಊರಲ್ಲಿ ಕಳೆದ ವರ್ಷಗಳಲ್ಲಿ ಅಂಥ ಸಂಜೆಗಳೇ ಹೆಚ್ಚು. ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಆದರೆ ಪೇಡೆ ತಿನ್ನುತ್ತ ಕೂತ ಆ ದಿನವೇ ನಾನು ಶರಣಮ್ಮನನ್ನು ಇನ್ನೊಂದು ಮಾತು ಕೇಳಿದೆ. ಕಥೆ ಎಷ್ಟೇ ಚೆಂದವಿದ್ದರೂ, ಅಷ್ಟು ಕತ್ತಲಲ್ಲಿ, ಒಲೆ ಹೊತ್ತಿಸುವ ಹೊತ್ತಲ್ಲಿ, ಒಬ್ಬರೂ ಏಳಲಿಲ್ಲ ಏಕೆ?

"ಎದ್ದಿದ್ವಿರಿ," ಎಂದಳು ಅವಳು. "ನಾನು, ನಮ್ಮ ಓಣಿಯಾಕಿ ಇಬ್ಬರೂ ಎದ್ದು ಬಾಗಲ ತನಕ ಹೋಗಿದ್ವಿ. ಆಗ ನೀವು ಆ ಕುರಿ ಕಾಯೋ ಮುದುಕಿ ಮಾತು ಓದಿದ್ರಿ. ಗುಡ್ಡದ ಮ್ಯಾಲೆ ಕುಂತಾಕಿ ಹೇಳತಾಳಲ್ರಿ, 'ಈಗ ಇಳೀಬ್ಯಾಡ ಮಗಳ, ನಾ ಹೇಳೂತನಕ ಕುಂದರು' ಅಂತ. ನಮಗ ಹೇಳಿದಂಗಾತು. ನಕ್ಕೊಂತ ತಿರುಗಿ ಬಂದು ಕುಂತ್ವಿ."

ಅವಳು ಹೇಳುತ್ತಿದ್ದಂತೆಯೇ, ಆ ರಾತ್ರಿ ಪುಟ ತೆರೆದು ನೋಡುವಾಗ ಹೊಳೆಯದಿದ್ದದ್ದು ನನಗೂ ನೆನಪಾಯಿತು. ಹೌದು, ಮುದುಕಿ. ಹೌದು, ಆ ಮಾತನ್ನು ನಾನು ಓದಿದ್ದೆ.

ಪುಸ್ತಕ ನನ್ನ ಮಡಿಲಲ್ಲೇ ಇತ್ತು. ತೆಗೆದು ನೋಡಿದೆ. ಕಥೆಯ ಹೆಂಗಸು ಗುಡ್ಡ ಹತ್ತುತ್ತಾಳೆ, ಇಳಿಯುತ್ತಾಳೆ. ನಡುವೆ ಯಾರೂ ಸಿಗುವುದಿಲ್ಲ. ಕುರಿಯಿಲ್ಲ, ಮುದುಕಿಯಿಲ್ಲ. ಪುಟ ಹರಿದಿಲ್ಲ, ಅಂಕಿ ತಪ್ಪಿಲ್ಲ. ಆಮೇಲೆ ಬೆಂಗಳೂರಿನ ಗೆಳತಿಗೆ ಹೇಳಿ ಇನ್ನೊಂದು ಪ್ರತಿ ತರಿಸಿದೆ; ಅದರಲ್ಲೂ ಇಲ್ಲ. ತಂತಿಯ ಚಟಪಟ ಸದ್ದು ಎಲ್ಲೋ ನಿನ್ನ ಕಿವಿಗೆ ಬಿದ್ದು ಮನಸ್ಸೇ ಆ ಮಾತು ಹೆಣೆದಿರಬೇಕು ಎಂದು ನನ್ನ ಗಂಡ ಹೇಳುತ್ತಾರೆ. ಇರಬಹುದು. ಹಾಗಾದರೆ ಉಳಿದ ಪುಟಗಳನ್ನು ಅಚ್ಚಿನಲ್ಲಿದ್ದ ಹಾಗೇ ನಾನು ಕತ್ತಲಲ್ಲಿ ಓದಿದ್ದು ಹೇಗೆ?

ಎಷ್ಟೋ ವರ್ಷವಾಯಿತು. ಈಗಲೂ ಬೆಳಕಿನ ಪಾಠ ಮಾಡುತ್ತೇನೆ, ಈಗಲೂ ಗೆರೆ ನೇರವಾಗಿಯೇ ಎಳೆಯುತ್ತೇನೆ. ನಿಮಗೆ ಏನಾದರೂ ಹೊಳೆದರೆ ಅದೇ ಸರಿ ಇರಬಹುದು; ನನಗೆ ಹೊಳೆದಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ. ಮುದುಕಿಯ ಆ ಮಾತು ಎಡಗಡೆಯ ಪುಟದಲ್ಲಿ, ಮೇಲ್ಭಾಗದಲ್ಲಿ, ಹೊಸ ಪ್ಯಾರಾದ ಶುರುವಿನಲ್ಲಿತ್ತು. ನಾನು ಅದನ್ನು ನೋಡಿ ಓದಿದ್ದೇನೆ.