ಸೂಲಗಿತ್ತಿ ಚಿಕ್ಕಪ್ಪನ ಪಂಜರ

ನಮ್ಮ ಚಿಕ್ಕಪ್ಪನನ್ನು ಊರೆಲ್ಲ ಸೂಲಗಿತ್ತಿ ಎಂದೇ ಕರೆಯುತ್ತದೆ. ಗಿರಿಜಾ ಮೀಸೆಯ ಆ ಆಳಿಗೆ ಈ ಹೆಸರು ಬಂದದ್ದು ಏಡಿಗಳಿಂದ. ನಮ್ಮ ಕಡಲಂಚಿನಲ್ಲಿ ಯಾರ ಬಲೆಗೆ ಮೊಟ್ಟೆ ಹೊತ್ತ ಏಡಿ ಬಿದ್ದರೂ ಮಾರುವುದಿಲ್ಲ, ತಂದು ಚಿಕ್ಕಪ್ಪನಿಗೆ ಕೊಡುತ್ತಾರೆ. ಅವನು ದೋಣಿಕಟ್ಟೆಯ ಕೆಳಗೆ, ತಂಪಾಗಿರಲೆಂದು ಕಡಲ ತಳಕ್ಕೇ ಇಳಿಬಿಟ್ಟ ದೊಡ್ಡ ಕಬ್ಬಿಣದ ಪಂಜರದಲ್ಲಿ ಅದನ್ನಿಟ್ಟು, ಮರಿ ಬಿಡುವವರೆಗೆ ಸಾಕುತ್ತಾನೆ. ಮುಂದಿನ ವರ್ಷದ ಏಡಿ ಅಲ್ಲಿಂದಲೇ ಬರಬೇಕು. "ನನ್ನ ಬಾಣಂತನದಲ್ಲಿ ಈ ಮಹರಾಯ ಒಂದು ಲೋಟ ನೀರು ಕಾಯಿಸಿಕೊಡ್ಲಿಲ್ಲ" ಎನ್ನುವುದು ಚಿಕ್ಕಮ್ಮನ ಖಾಯಂ ದೂರು.

ಆ ಸಲ ವಿಪರೀತ ಸೆಕೆ. ಗಾಳಿ ಬಿದ್ದುಹೋಗಿ, ನೀರು ಹಸಿರು ಪಾಚಿ ಕಟ್ಟಿತ್ತು. ಒಂದು ಬೆಳಿಗ್ಗೆ ನೋಡಿದರೆ ಏಡಿಗಳು ದಂಡುಕಟ್ಟಿಕೊಂಡು ಕಟ್ಟೆಯ ಕಂಬ ಹತ್ತುತ್ತಿವೆ! ತಳದ ಮೀನುಗಳೆಲ್ಲ ದಡದ ಹತ್ತಿರ ಬಂದು ಬಾಯಿ ಬಾಯಿ ಬಿಡುತ್ತಿವೆ. ಬಕೆಟ್ಟು, ಬುಟ್ಟಿ, ಕೊನೆಗೆ ಮಗುವಿನ ಸ್ನಾನದ ಟಬ್ಬು, ಕೈಗೆ ಸಿಕ್ಕಿದ್ದು ಹಿಡಿದು ಬೀದಿಗೆ ಬೀದಿಯೇ ಓಡಿತು. ಚಿಕ್ಕಪ್ಪನೂ ಪ್ಯಾಂಟು ಮಡಚಿ ನೀರಿಗಿಳಿದ. "ಇಷ್ಟು ವರ್ಷ ಸೇವೆ ಮಾಡಿದ್ನಲ್ಲ, ನೋಡ್ರಿ, ತಾವಾಗೇ ಬಂದಿವೆ!" ಎಂದು ಭಾಷಣ ಬೇರೆ.

ಅವನ ಮಗಳು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಕಟ್ಟೆಯಿಂದ ಮೀಟರಿನ ತಂತಿ ಇಳಿಸಿ ನೋಡಿದಳು.

"ಅಪ್ಪಾ, ಕುಣೀಬೇಡ. ಅವು ನಿನ್ ಮೇಲಿನ ಪ್ರೀತಿಗೆ ಬಂದಿಲ್ಲ. ಪಾಚಿ ಸತ್ತು ತಳದಲ್ಲಿ ಕೊಳೀತಾ ಇದೆ, ಅಲ್ಲಿನ ಆಕ್ಸಿಜನ್ ಎಲ್ಲ ಅದಕ್ಕೇ ಖರ್ಚಾಗಿದೆ. ಗಾಳಿ ಇಲ್ಲ ನೋಡು, ಮೇಲಿನ ನೀರು ಕೆಳಗೆ ಬೆರೀತಿಲ್ಲ. ಉಸಿರುಕಟ್ಟಿ ಓಡಿ ಬಂದಿವೆ."

ಚಿಕ್ಕಪ್ಪ ತಟ್ಟನೆ ಕಟ್ಟೆಯ ಕೆಳಗೆ ತಿರುಗಿ ನೋಡಿದ. ಓಡಬಲ್ಲವು ಓಡಿ ಬಂದಿದ್ದವು. ಅವನ ಬಸುರಿಯರು ಬಾಗಿಲು ಹಾಕಿದ ಪಂಜರದಲ್ಲಿ, ತಳದಲ್ಲೇ ಇದ್ದರು.

ಚಿಕ್ಕಪ್ಪ ಹೋಗಿ ಪಂಜರದ ಹಗ್ಗಕ್ಕೆ ಜೋತುಬಿದ್ದ. ನಾಲ್ಕಾರು ಜನ ಸೇರಿ ಎತ್ತುವ ಪಂಜರ ಜಪ್ಪಯ್ಯ ಎನ್ನಲಿಲ್ಲ. ಕೂಗಿದರೆ ಯಾರಿಗೆ ಕೇಳಬೇಕು? ಎಲ್ಲರ ಗಮನವೂ ಬಕೆಟ್ಟಿನ ಮೇಲೆ. ಆಗ ಚಿಕ್ಕಮ್ಮ ಗಂಟಲು ಹರಿಯುವಂತೆ ಅರಚಿದಳು:

"ಏಯ್! ನೀವೇ ತಂದುಕೊಟ್ಟ ಬಸುರಿಯರು ಕಣ್ರೋ ಕೆಳಗೆ ಸಾಯ್ತಿರೋದು! ಬರೋ ವರ್ಷ ಏನು ಮಣ್ಣು ತಿಂತೀರಾ?"

ಚಿಕ್ಕಮ್ಮನ ಬಾಯಿಗೆ ಹೆದರದವರು ನಮ್ಮಲ್ಲಿಲ್ಲ. ಬಕೆಟ್ಟುಗಳನ್ನು ಅಲ್ಲಲ್ಲೇ ಇಟ್ಟು, ಐಸಾ ಐಸಾ ಎನ್ನುತ್ತ ಎಲ್ಲರೂ ಹಗ್ಗಕ್ಕೆ ಕೈಹಾಕಿದರು.

ಪಂಜರ ಮೇಲೆ ಬಂತು. ಏಡಿಗಳು ಅಲುಗಲಿಲ್ಲ. ಚಿಕ್ಕಪ್ಪ ಪಂಜರವನ್ನು ಮೇಲಿನ ನೀರಿನಲ್ಲಿ ಮುಳುಗಿಸಿ ಹಿಡಿಸಿ, ಒಳಗೆ ಕೈಹಾಕಿ ಒಂದೊಂದನ್ನೇ ಮುಟ್ಟತೊಡಗಿದ. ಕೆಲವು ಹೋಗಿಯೇಬಿಟ್ಟಿದ್ದವು. ಅವನ್ನು ಪಕ್ಕಕ್ಕಿಡುವಾಗ ಆ ಮೀಸೆ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಏಡಿ ಕಾಲಾಡಿಸಿತು, ಮತ್ತೊಂದು ಹೊರಳಿತು. ಅಷ್ಟರಲ್ಲಿ ಚಿಕ್ಕಪ್ಪ "ಅಯ್ಯಯ್ಯಪ್ಪೋ!" ಎಂದು ಕಟ್ಟೆ ಅದುರುವಂತೆ ಕಿರುಚಿದ. ದೊಡ್ಡದೊಂದು ಏಡಿ ಅವನ ಹೆಬ್ಬೆರಳನ್ನು ಬಲವಾಗಿ ಕಚ್ಚಿ ಹಿಡಿದಿತ್ತು.

ಬಿಡಿಸಲು ಬಂದ ಚಿಕ್ಕಮ್ಮನನ್ನು ತಡೆದ. ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ಇರ್ಲಿ ಬಿಡೇ," ಎಂದ. "ಕಚ್ಚೋಕೆ ಇಷ್ಟು ಶಕ್ತಿ ಇದೆ ಅಂದ್ರೆ, ಹೆರೋಕೂ ಇದೆ."