ಒಂದೇ ಮಗ್ಗದ ಅಣ್ಣ ತಂಗಿ

ಬಿಸಿನೀರಿನಲ್ಲಿ ನೆನೆದ ರೇಷ್ಮೆಗೆ ಒಂದು ವಾಸನೆ ಇರುತ್ತದೆ. ಮೊದಲು ಬೇಡವೆನಿಸಿ, ಆಮೇಲೆ ಬಿಡಲಾಗದಂಥದ್ದು. ಹೋದ ಬೇಸಿಗೆಯಲ್ಲಿ ಇಟಲಿಯ ಕೊಮೊ ಸರೋವರದ ದಡದ ಊರೊಂದರಲ್ಲಿ ಆ ವಾಸನೆ ನನ್ನನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿತು. ನಾನು ಪ್ರವಾಸದ ತಂಡಗಳ ಜೊತೆ ಅಡುಗೆಗೆ ಹೋಗುವವನು. ನಮ್ಮವರಿಗೆ ಎಲ್ಲಿ ಹೋದರೂ ಅನ್ನ ಸಾರು ಬೇಕು; ಚಳ್ಳಕೆರೆಯ ಖಾನಾವಳಿಯಲ್ಲಿ ಪಳಗಿದ ಕೈ ಹೀಗೆ ನನ್ನನ್ನು ದೇಶ ಸುತ್ತಿಸುತ್ತದೆ. ಅಂದು ಪಾತ್ರೆ ತೊಳೆದಿಟ್ಟು ನಾನೂ ತಂಡದ ಹಿಂದೆ ಹೊರಟಿದ್ದೆ. ಹಸಿರು ಬೆಟ್ಟಗಳು ನೇರ ನೀರಿಗೇ ಇಳಿದಿದ್ದವು. ದಡದುದ್ದಕ್ಕೂ ಹಳದಿ, ಗುಲಾಬಿ ಬಣ್ಣದ ಮನೆಗಳು, ಕಿಟಕಿಗಳಲ್ಲಿ ಹೂವಿನ ಕುಂಡಗಳು. ಆ ಊರು ಒಂದು ಕಾಲಕ್ಕೆ ರೇಷ್ಮೆಯಿಂದಲೇ ಬದುಕಿತ್ತಂತೆ. ಹಳೆಯ ಗಿರಣಿಯೊಂದನ್ನು ಈಗ ನೋಡುವವರಿಗಾಗಿ ಕಾದಿಟ್ಟಿದ್ದಾರೆ. ಒಳಗೆ ವಯಸ್ಸಾದ ಹೆಂಗಸೊಬ್ಬಳು ಬಿಸಿನೀರಿನ ಬಾಣಲೆಯಲ್ಲಿ ಗೂಡು ಅದ್ದಿ, ಎಳೆ ಬಿಡಿಸಿ ತೋರಿಸುತ್ತಿದ್ದಳು. ತಂಡದವರು ಫೋಟೊ ತೆಗೆದುಕೊಂಡು ಮುಂದೆ ಹೋದರು. ನಾನು ಮಾತ್ರ ಮೊಳಕಾಲ್ಮೂರಿನ ನಮ್ಮ ಹಿತ್ತಲಿನಲ್ಲಿದ್ದೆ.

ಆ ಹಿತ್ತಲಿನಲ್ಲಿ ಅವ್ವ ಸೋಪಿನ ನೀರಿನಲ್ಲಿ ರೇಷ್ಮೆ ಕುದಿಸುತ್ತಿದ್ದಳು. ಬಣ್ಣ ಹಾಕಿದ ರೇಷ್ಮೆ ನೂಲಿನ ಹುರಿ ಬಿಸಿಲಿಗೆ ತೂಗುತ್ತಿತ್ತು, ಅದರ ಹಿಂದೆ ಹೆಬ್ಬಂಡೆಗಳ ಗುಡ್ಡ ಕಾಣುತ್ತಿತ್ತು. ನಡುಮನೆಯ ತುಂಬ ಮಗ್ಗ, ಅದರಡಿ ನೆಲದಲ್ಲಿ ಕುಣಿ. ಬಣ್ಣದ ಅಂಚಿನ ಸೀರೆಗೆ ಇಬ್ಬರು ಬೇಕು: ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಒಡಲು ಮತ್ತು ಎಡ ಅಂಚು ನೇಯಬೇಕು, ಬಲಕ್ಕೆ ಕೂತವರು ಇನ್ನೊಂದು ಲಾಳಿಯಿಂದ ಬಲ ಅಂಚು ಕಟ್ಟಬೇಕು. ಕುಣಿಯಲ್ಲಿ ಅಪ್ಪ, ಬಲಕ್ಕೆ ಅವನ ತಂಗಿ, ನನ್ನ ಲಚ್ಚಮ್ಮತ್ತೆ. ಬೆಳಗಿನಿಂದ ದೀಪ ಹಚ್ಚುವವರೆಗೆ ಇಬ್ಬರೂ ಒಂದು ಮೊಳದ ಅಂತರದಲ್ಲಿ ಕೂತಿರುತ್ತಿದ್ದರು. ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ.

ಕಾರಣ ನನಗೆ ತಿಳಿದದ್ದು ದೊಡ್ಡವನಾದ ಮೇಲೆ, ಅವ್ವನ ಬಾಯಿಂದ. ರಾಂಪುರದಿಂದ ಹುರಿ ತರುತ್ತಿದ್ದ ಒಬ್ಬ ಮನುಷ್ಯನನ್ನು ಅತ್ತೆ ಮದುವೆಯಾಗಬೇಕೆಂದಿದ್ದಳಂತೆ. ಅವನೇ ಬಂದು ಕೇಳಿದನಂತೆ. ಅಪ್ಪ ‘ನಮ್ಮೋರಲ್ಲ’ ಎಂಬ ಒಂದೇ ಮಾತಿಗೆ ಅವನನ್ನು ವಾಪಸು ಕಳಿಸಿದ. ಅಂದಿನಿಂದ ಅತ್ತೆ ಬೇರೆ ಯಾರನ್ನೂ ಒಪ್ಪಲಿಲ್ಲ, ಮನೆ ಬಿಟ್ಟೂ ಹೋಗಲಿಲ್ಲ. ಅಣ್ಣನ ಜೊತೆಗಿನ ಮಾತನ್ನು ಮಾತ್ರ ನಿಲ್ಲಿಸಿದಳು.

ಅವರಿಬ್ಬರ ನಡುವಿನ ಮಾತೆಲ್ಲ ಅಡುಗೆಮನೆ ಸುತ್ತಿ ಬರುತ್ತಿತ್ತು. ‘ಅತ್ತಿಗೇ, ಕೆಂಪು ಹುರಿ ಮುಗೀತು ಅಂತ ಹೇಳು ಅವ್ರಿಗೆ,’ ಎಂದು ಅತ್ತೆ ಕೂಗುತ್ತಿದ್ದಳು. ಪಕ್ಕದಲ್ಲೇ ಕೂತ ಅಪ್ಪ, ‘ಅಟ್ಟದ ಮೇಲೈತೆ ಅಂತ ಹೇಳೇ ಅವ್ಳಿಗೆ,’ ಎನ್ನುತ್ತಿದ್ದ. ಅವ್ವ ಮುದ್ದೆ ತಿರುವುತ್ತಲೇ, ‘ಇಬ್ರಿಗೂ ಕಿವಿ ಅದಾವಲ್ಲ, ನನ್ನ ಯಾಕ್ ಸಾಯಿಸ್ತೀರಿ!’ ಎಂದು ರೇಗುತ್ತಿದ್ದಳು. ಆದರೆ ಕೈಗಳಿಗೆ ಆ ಮುನಿಸು ಗೊತ್ತಿದ್ದಂತೆ ಕಾಣಲಿಲ್ಲ. ಅಪ್ಪನ ಲಾಳಿ ಬಲಕ್ಕೆ ಬರುವಷ್ಟರಲ್ಲಿ ಅತ್ತೆಯ ಲಾಳಿ ಹೊರಟಿರುತ್ತಿತ್ತು. ಎಳೆಗೆ ಎಳೆ ಕೊಂಡಿ ಹಾಕಿಕೊಂಡು ಬಲಗಡೆ ಮೂಡುತ್ತಿದ್ದ ಆ ಕೆಂಪು ಅಂಚು ಅರಿಶಿನ ಒಡಲಿನ ಪಕ್ಕ ಗೆರೆ ಹೊಡೆದಂತೆ ನಿಲ್ಲುತ್ತಿತ್ತು. ಆ ಲಯ ಕೇಳುತ್ತ ನಾನು ಕಂಬಕ್ಕೊರಗಿ ನಿದ್ದೆ ಹೋಗುತ್ತಿದ್ದೆ. ಅಷ್ಟು ನೆಮ್ಮದಿಯ ನಿದ್ದೆ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ನಾನು ಚಳ್ಳಕೆರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿದ. ಮಗ್ಗದ ಮೇಲಿದ್ದ ಸೀರೆಗೆ ದೂಳು ಕೂತಿತು. ‘ಇನ್ನೇನ್ ನೇಯೋದು, ಬಿಚ್ಚಿ ಮಾರ್ಬಿಡ್ರಿ ಅದನ್ನ,’ ಎಂದ. ಅವ್ವ ಅಳುತ್ತ ಕೂತಳು. ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ತಾನು ಇಷ್ಟು ಕಾಲ ಕೂತ ಜಾಗದಲ್ಲಿ ಅವನನ್ನು ಕೂರಿಸಿದಳು. ಕೆಂಪು ಲಾಳಿಯನ್ನು ಅವನ ಎಡಗೈಗೆ ಇಟ್ಟಳು. ತಾನು ಕುಣಿಗೆ ಇಳಿದು ಒಡಲಿನ ಲಾಳಿ ಎಸೆದಳು. ಅದು ಬಲಕ್ಕೆ ಹೋಗಿ ಅಪ್ಪನ ತೊಡೆಯ ಹತ್ತಿರ ನಿಂತಿತು. ಅಪ್ಪ ಅದನ್ನೇ ನೋಡುತ್ತ ಕೂತ. ಅತ್ತೆ ಕಾದಳು. ಆಮೇಲೆ, ಮನೆಯಲ್ಲಿ ಅಜ್ಜ ಅಜ್ಜಿ ಆಡುತ್ತಿದ್ದ ತೆಲುಗಿನಲ್ಲಿ, ಚಿಕ್ಕ ಹುಡುಗಿಯಂತೆ, ‘ಅನ್ನಾ, ಲಾಳಿ ಇಯ್ಯಿ,’ ಎಂದಳು. ಅಣ್ಣಾ, ಲಾಳಿ ಕೊಡು ಅಂತ.

ಅಪ್ಪ ಸೊಟ್ಟ ಬಾಯಿಯಿಂದಲೇ, ‘ಲಚ್ಚಾ, ಅವತ್ತು ನಾನು...’ ಎಂದು ಶುರು ಮಾಡಿದ.

‘ಈಗ ಬ್ಯಾಡ. ಎಳೆ ಜಾರ್ತೈತೆ ನೋಡು,’ ಎಂದಳು ಅತ್ತೆ.

ಅಪ್ಪ ಎಡಗೈಯಿಂದ ಒಡಲಿನ ಲಾಳಿ ವಾಪಸು ತಳ್ಳಿದ, ಕೆಂಪು ಲಾಳಿ ಓಡಿಸಿದ. ಅಂಚು ಅಲ್ಲಲ್ಲಿ ಅಂಕುಡೊಂಕಾಯಿತು, ಅತ್ತೆ ಬಿಚ್ಚಲಿಲ್ಲ. ಆ ಚಳಿಗಾಲವಿಡೀ ಇಬ್ಬರೂ ಮಾತಾಡಿದರು. ಗುಡ್ಡದಲ್ಲಿ ಸೀತಾಫಲ ಕಿತ್ತದ್ದು, ಅಜ್ಜ ಬೈದದ್ದು, ಅಜ್ಜಿ ನಕ್ಕದ್ದು. ರಾಂಪುರದ ಹೆಸರು ಮಾತ್ರ ಬರಲಿಲ್ಲ. ನಾನು ಊರಿಗೆ ಬಂದಾಗ ಬೀದಿಗೇ ಅವರ ದನಿ ಕೇಳುತ್ತಿತ್ತು. ಸೀರೆ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ.

ಬೀದಿಯ ನೇಕಾರರು ಬಲಕ್ಕೆ ಕೂರುತ್ತೇವೆಂದು ಬಂದರು. ಅತ್ತೆ ಬೇಡವೆಂದಳು. ಉಳಿದ ಸೀರೆಯನ್ನು ಒಬ್ಬಳೇ ನೇಯ್ದಳು, ಒಡಲಿನ ಎಳೆಯನ್ನೇ ಬಲದ ಕೊನೆಯವರೆಗೂ ಓಡಿಸಿ. ಹಾಗೆ ನೇಯ್ದರೆ ಅಂಚಿನ ಉದ್ದ ಎಳೆಗಳ ಕೆಂಪಿಗೆ ಅಡ್ಡ ಎಳೆಯ ಅರಿಶಿನ ಬೆರೆಯುತ್ತದೆ. ಅಪ್ಪ ಬಿಟ್ಟುಹೋದ ಕಡೆಯಿಂದ ಆ ಬದಿಯ ಕೆಂಪು ಮಂಕಾಯಿತು. ಅದನ್ನು ಯಾರು ಕೊಳ್ಳುತ್ತಾರೆ? ಅವಳೇ ಉಟ್ಟಳು. ಅದೇ ಅವಳ ಕೊನೆಯ ನೇಯ್ಗೆ.

ಈಗ ಆ ಮನೆ ನಮ್ಮದಲ್ಲ. ಕುಣಿ ಮುಚ್ಚಿ ಟೈಲ್ಸ್ ಹಾಕಿದ್ದಾರೆ. ಅವ್ವನೂ ಇಲ್ಲ, ಅತ್ತೆಯೂ ಇಲ್ಲ. ಅತ್ತೆ ಇದ್ದಾಗ ಒಮ್ಮೆ, ಅವಳು ಹಬ್ಬಕ್ಕೆ ಆ ಸೀರೆ ಉಟ್ಟು ಹೊಸಿಲ ಮೇಲೆ ಕೂತಾಗ ನೆರೆಮನೆಯ ಹೊಸ ಸೊಸೆ ಅಂಚು ಹಿಡಿದು ನೋಡಿ, ‘ಅಲ್ರೀ ಲಚ್ಚಮ್ಮಾರೆ, ಈ ಕಡೆ ಯಾಕ್ ಹಿಂಗೈತೆ?’ ಎಂದು ಕೇಳಿದ್ದಳು. ಅತ್ತೆ ಸೆರಗು ಸರಿಮಾಡಿಕೊಂಡಳು. ‘ಅದು ನಮ್ಮಣ್ಣ ಕೂರ್ತಿದ್ದ ಕಡೆ ಕಣವ್ವಾ,’ ಎಂದಳು.